ಎಡಸುತ್ತಿನ ಗಾಳಿ

ಸೆಪ್ಟೆಂಬರ್ 6, ಶನಿವಾರ

ಸಂಜೆ ಏಳು ಗಂಟೆ. ಇಡೀ ದಿನ ಮೋಡ. ಮಧ್ಯಾಹ್ನ ಹೋಟೆಲಿನಿಂದ ತಂದ ಅನ್ನ ಸಾಂಬಾರು ಉಳಿದಿತ್ತು, ಈಗ ಅದನ್ನೇ ತಿಂದು ತಟ್ಟೆ ತೊಳೆದಿಟ್ಟೆ.

ನಾಲ್ಕರ ಹೊತ್ತಿಗೆ ಗೇಟಿನ ಸದ್ದಾಯಿತು. ಎದುರು ಮನೆಯ ಪಾಪಮ್ಮನವರ ಮೊಮ್ಮಗಳು ಕವನಾ, ಏಳನೇ ಕ್ಲಾಸಿನವಳು. ಬೀದಿಯ ಇನ್ನೂ ಕೆಲವು ಮಕ್ಕಳು ಅವಳನ್ನು ಮುಂದಕ್ಕೆ ತಳ್ಳಿ ತಾವು ಕಾಂಪೌಂಡಿನ ಆಚೆ ನಿಂತಿದ್ದರು.

"ತಾತ, ಈ ಸಲ ಸುಂಟರಗಾಳಿ ಅಲ್ವಾ?" ಎಂದಳು.

ನನಗೆ ತಕ್ಷಣ ಹೊಳೆಯಲಿಲ್ಲ.

"ಸೀತಜ್ಜಿ ಹೋದ್ ವರ್ಷ ಹೇಳಿದ್ರು. ಮುಂದಿನ ದಸರಾಗೆ ಸುಂಟರಗಾಳಿ, ಚಂಡಮಾರುತ ಎರಡೂ ಹೇಳ್ತೀನಿ ಅಂತ. ಪ್ರಾಮಿಸ್ ಮಾಡಿದ್ರು."

ಸೀತಾ ನವರಾತ್ರಿಯಲ್ಲಿ ಗೊಂಬೆ ಕೂರಿಸಿ ಸುಮ್ಮನಿರುತ್ತಿರಲಿಲ್ಲ. ವರ್ಷಕ್ಕೊಂದು ವಿಷಯ ಹಿಡಿದು, ಗೊಂಬೆಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿ, ನೋಡಲು ಬಂದ ಮಕ್ಕಳಿಗೆ ಹೇಳುತ್ತಿದ್ದಳು. ಒಂದು ವರ್ಷ ಉಪ್ಪು ಎಲ್ಲಿಂದ ಬರುತ್ತದೆ, ಒಂದು ವರ್ಷ ಮೆಟ್ರೋ ಸುರಂಗ ಹೇಗೆ ಕೊರೆಯುತ್ತಾರೆ. ನನಗೆ ಬಸ್ ಡಿಪೋದಲ್ಲಿ ಸಂಜೆ ಪಾಳಿ ಇರುತ್ತಿತ್ತು. ರಿಟೈರ್ ಆದ ಮೇಲೂ ಗೊಂಬೆ ಕೋಣೆ ಅವಳದೇ. ಅಟ್ಟದಿಂದ ಪೆಟ್ಟಿಗೆ ಇಳಿಸಿಕೊಡುವುದು ಮಾತ್ರ ನನ್ನ ಕೆಲಸ.

ಫೆಬ್ರವರಿಯಲ್ಲಿ ಅವಳು ಹೋದಳು. ವರ್ಷ ತುಂಬುವವರೆಗೆ ನಮ್ಮ ಮನೆಯಲ್ಲಿ ಹಬ್ಬವಿಲ್ಲ.

"ಈ ವರ್ಷ ಇಲ್ಲ ಮಗು" ಎಂದೆ.

"ಹಂಗಾದ್ರೆ ಯಾರು ಹೇಳ್ತಾರೆ?"

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಇವತ್ತು ಆಡಿದ ಮಾತು ಇಷ್ಟೇ.

ಸೆಪ್ಟೆಂಬರ್ 8, ಸೋಮವಾರ

ಪಿತೃಪಕ್ಷ ಶುರು. ಮಗಳು ಮಾಲವಿಕಾ ಕೆಂಗೇರಿಯಿಂದ ಫೋನ್ ಮಾಡಿದ್ದಳು. ಪಟ್ಟದ ಗೊಂಬೆಗಳನ್ನು, ಅಂದರೆ ಅವಳಮ್ಮ ತವರಿನಿಂದ ತಂದ ಮರದ ರಾಜ ರಾಣಿಯನ್ನು, ಮಾತ್ರ ದೇವರ ಕೋಣೆಯಲ್ಲಿ ಇಡಬೇಕಂತೆ. ಮಿಕ್ಕದ್ದು ಬೇಡವಂತೆ. ಸರಿ ಎಂದೆ.

ಮಳೆ.

ಸೆಪ್ಟೆಂಬರ್ 11, ಗುರುವಾರ

ಸಂಜೆ ಏಳೂವರೆ. ಮಧ್ಯಾಹ್ನ ಪಾಪಮ್ಮನವರು ಬಂದರು. ಅವರದು ಇಲ್ಲಿಯ ಹಳೇ ಊರು, ಸಾಣೆಗುರುವನಹಳ್ಳಿಯ ಮನೆತನ. ಈ ಬಡಾವಣೆ ಆಗುವ ಮುಂಚೆ ನಮ್ಮ ಮನೆ ಇರುವ ಜಾಗದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ಅದನ್ನು ಈಗಲೂ ನೆನಪಿಸುತ್ತಾರೆ. ಕೂತ ಕೂಡಲೇ ವಿಷಯಕ್ಕೆ ಬಂದರು.

"ಚಕ್ರಪಾಣಿಯೋರೆ, ನಿಮ್ಮನೇಲಿ ಕೂರಿಸಂಗಿಲ್ಲ, ಸರಿ. ನಮ್ಮನೇಲಿ ಕೂರಿಸ್ತೀನಿ."

"ನಿಮ್ಮಲ್ಲಿ ಗೊಂಬೆ ಪದ್ಧತಿ ಇಲ್ಲವಲ್ಲ?"

"ಇಲ್ಲ. ಈ ವರ್ಷದಿಂದ ಇದೆ."

ಒಮ್ಮೆ ಶುರುಮಾಡಿದರೆ ವರ್ಷಾ ವರ್ಷಾ ಬಿಡದೆ ಕೂರಿಸಬೇಕು, ಅವರಾದ ಮೇಲೆ ಸೊಸೆ ನಡೆಸಬೇಕು ಎಂದು ಹೇಳಿದೆ. "ಗೊತ್ತು ಕಣ್ರೀ. ಸೊಸೆಗೆ ಆಗ್ಲೇ ಹೇಳಿದೀನಿ. ಮುಖ ಊದಿಸ್ಕೊಂಡವಳೆ, ಇಳಿಯುತ್ತೆ ಬಿಡಿ. ಬೀದಿ ಮಕ್ಕಳಿಗೂ ಹೇಳಾಗಿದೆ."

"ಪಟ್ಟದ ಗೊಂಬೆ ಮನೆ ದಾಟಬಾರದು."

"ನಿಮ್ಮ ರಾಜ ರಾಣಿ ನಿಮ್ಮನೇಲೇ ಇರ್ಲಿ. ಮಿಕ್ಕ ಪ್ರಜೆಗಳನ್ನ ಕಳ್ಸಿಕೊಡಿ."

"ಹೇಳೋರು ಯಾರು?"

"ನೀವು."

ನನಗೆ ಬರುವುದಿಲ್ಲ ಎಂದೆ. ನಿಜವಾಗಿಯೂ ಬರುವುದಿಲ್ಲ. ನನ್ನ ಓದು ಎಸ್.ಎಸ್.ಎಲ್.ಸಿ.ಗೆ ಮುಗಿಯಿತು. ನಾಲ್ಕು ಜನರ ಎದುರು ನಿಂತರೆ ನಾಲಿಗೆ ಒಣಗುತ್ತದೆ.

"ಇಷ್ಟು ವರ್ಷ ಬಸ್ ಓಡ್ಸಿದೀರ, ಒಂದಿನಾನೂ ಬಾಯಿ ಬಿಟ್ಟಿಲ್ವಾ?"

"ಬಾಯಿ ಬಿಡೋದು ಕಂಡಕ್ಟರ್ ಕೆಲಸ."

ಅವರು ಎದ್ದು ಸೆರಗು ಸರಿಮಾಡಿಕೊಂಡರು. "ಆಯಮ್ಮ ಕೊಟ್ಟ ಮಾತು ಅದು. ಆಯಮ್ಮನ ಮನೆಯೋರು ನೀವೇ. ನನ್ನ ಕೇಳಿದ್ರೆ ನಾನೇನು ಹೇಳ್ಲಿ, ಗಾಳಿ ಬತ್ತದೆ, ಹೆಂಚು ಹಾರ್ತದೆ ಅಂತ ಹೇಳ್ಲಾ?"

ಸೀತಾ ಮಕ್ಕಳಿಗೆ ಮಾತು ಕೊಟ್ಟು ತಪ್ಪಿದವಳಲ್ಲ. ಅವಳ ಹೆಸರಿಗೆ ಈಗ ಇದೊಂದು ಉಳಿದುಹೋಗುತ್ತದೆ. ನವರಾತ್ರಿಗೆ ಹೆಚ್ಚು ದಿನವಿಲ್ಲ.

ಸೆಪ್ಟೆಂಬರ್ 13, ಶನಿವಾರ

ಬಡಾವಣೆಯ ಗ್ರಂಥಾಲಯಕ್ಕೆ ಹೋದೆ. ಮಕ್ಕಳ ಕಪಾಟಿನಲ್ಲಿ ಬಿರುಗಾಳಿಗಳ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಮೂಲೆಯ ಬೆಂಚಿನಲ್ಲಿ ಕೂತು ಓದಿದೆ. ಒಂದೊಂದು ಪುಟವನ್ನೂ ಮತ್ತೆ ಮತ್ತೆ ಓದಬೇಕಾಯಿತು.

ನನಗೆ ತಿಳಿದಷ್ಟು ಬರೆದಿಡುತ್ತೇನೆ. ಸುಂಟರಗಾಳಿ ಬೇರೆ, ಚಂಡಮಾರುತ ಬೇರೆ. ಸುಂಟರಗಾಳಿ ದೊಡ್ಡ ಗುಡುಗು ಮೋಡದಿಂದ ಕೆಳಗಿಳಿಯುವ ಕಂಬ. ಅಗಲ ಕಡಿಮೆ, ಆಯುಸ್ಸೂ ಕಡಿಮೆ, ಸಿಟ್ಟು ಮಾತ್ರ ವಿಪರೀತ. ಚಂಡಮಾರುತ ಹುಟ್ಟುವುದು ಬೆಚ್ಚಗಿನ ಸಮುದ್ರದ ಮೇಲೆ. ಒಂದು ರಾಜ್ಯವನ್ನೇ ಮುಚ್ಚುವಷ್ಟು ದೊಡ್ಡದಾಗಬಹುದು, ದಿನಗಟ್ಟಲೆ ಇರುತ್ತದೆ. ಅಮೆರಿಕದವರು ಹರಿಕೇನ್ ಅನ್ನುತ್ತಾರೆ, ಜಪಾನಿನ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್. ಪದಾರ್ಥ ಒಂದೇ. ಬೆಂಗಳೂರಿಗೆ ಬರುವುದು ಅದರ ಬಾಲ ಮಾತ್ರ, ಜಿಟಿಜಿಟಿ ಮಳೆ. ಅದಕ್ಕೇ ನವೆಂಬರಿನಲ್ಲಿ ಬಟ್ಟೆ ಒಣಗದಿದ್ದರೆ ಎಲ್ಲರೂ ಸೈಕ್ಲೋನ್ ಎಫೆಕ್ಟ್ ಅನ್ನುವುದು.

ಚಂಡಮಾರುತದ ನಟ್ಟ ನಡುವೆ ಒಂದು ಕಣ್ಣು ಇರುತ್ತದಂತೆ. ಅಲ್ಲಿ ಗಾಳಿ ಹೆಚ್ಚುಕಡಿಮೆ ಇಲ್ಲ, ಆಕಾಶವೂ ಕಾಣಬಹುದು. ಜನ ಎಲ್ಲ ಮುಗಿಯಿತು ಎಂದುಕೊಂಡು ಹೊರಗೆ ಬರುತ್ತಾರೆ. ಆಗ ಇನ್ನೊಂದು ಕಡೆಯ ಗಾಳಿ, ಮೊದಲಿನದಕ್ಕೆ ಎದುರು ದಿಕ್ಕಿನಿಂದ, ಬಂದು ಹೊಡೆಯುತ್ತದೆ.

ಇದನ್ನು ಓದಿ ಪುಸ್ತಕ ಮುಚ್ಚಿದೆ. ಸೀತಾಳ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮಾರನೆಯ ದಿನ ಮನೆ ಹಾಗೇ ಇತ್ತು.

ಸೆಪ್ಟೆಂಬರ್ 16, ಮಂಗಳವಾರ

ಗೊಂಬೆ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದೆ. ಅವಳು ಪ್ರತಿ ಗೊಂಬೆಯನ್ನೂ ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಮುಚ್ಚಿಟ್ಟೆ.

ಸೆಪ್ಟೆಂಬರ್ 18, ಗುರುವಾರ

ಸಂಜೆ ಏಳು. ಪೆಟ್ಟಿಗೆ ಎದುರು ಮನೆಗೆ ಹೋಯಿತು. ಕವನಾ ಒಂದೊಂದಾಗಿ ಬಿಚ್ಚಿದಳು. ನಾನು ಸೀರೆ ತುಂಡುಗಳನ್ನು ಮಡಿಸುತ್ತಾ ಕೂತೆ.

ಅದಕ್ಕೆ ಮೊದಲು ಅವಳು ನಮ್ಮ ಮನೆಗೆ ಬಂದಿದ್ದಳು. "ತಾತ, ಬರೀ ಓದಿದ್ರೆ ಆಗಲ್ಲ, ನಂಗೆ ಹೇಳಿ ಪ್ರಾಕ್ಟೀಸ್ ಮಾಡಿ." ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು ಮುಚ್ಚಳ ಕುಣಿಯುವುದನ್ನು ತೋರಿಸಿದೆ. ಕೆಳಗೆ ಬಿಸಿಯಾದದ್ದು ಮೇಲಕ್ಕೆ ಹೋಗುತ್ತದೆ. ಸಮುದ್ರದ ಮೇಲಿನ ಗಾಳಿಯೂ ಆವಿ ಹೊತ್ತುಕೊಂಡು ಹಾಗೇ ಮೇಲೇರುತ್ತದೆ. ಅದು ಬಿಟ್ಟ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ, ಮೆಜೆಸ್ಟಿಕ್‌ನಲ್ಲಿ ಖಾಲಿ ಬಸ್ಸು ಬಂದು ನಿಂತರೆ ಜನ ನುಗ್ಗುವ ಹಾಗೆ.

"ಅಷ್ಟಕ್ಕೇ ನಿಲ್ಲಲ್ವಾ?"

"ಇಲ್ಲ. ಆವಿ ಮೇಲೆ ಹೋಗಿ ತಣ್ಣಗಾಗಿ ಮೋಡ ಆಗುವಾಗ, ಹೊತ್ತು ತಂದ ಬಿಸೀನ ಅಲ್ಲೇ ಬಿಟ್ಟುಬಿಡುತ್ತೆ. ಪ್ಯಾಸೆಂಜರ್ ಇಳಿದು ಲಗೇಜ್ ಬಸ್ಸಲ್ಲೇ ಬಿಟ್ಟ ಹಾಗೆ. ಆ ಬಿಸಿಗೆ ಅಲ್ಲಿನ ಗಾಳಿ ಇನ್ನೂ ಮೇಲೇರುತ್ತೆ, ಕೆಳಗೆ ಇನ್ನೂ ಜಾಗ ಆಗುತ್ತೆ, ಇನ್ನೂ ನುಗ್ಗುತ್ತೆ."

"ಸೂಪರ್ ತಾತ. ಇದನ್ನೇ ಹೇಳಿ."

ನೀರು ಹೇಗೂ ಕುದಿದಿತ್ತು. ರವೆ ಹುರಿದು ಉಪ್ಪಿಟ್ಟು ಮಾಡಿದೆ. ಇಬ್ಬರೂ ತಿಂದೆವು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಅವಳು ಹೇಳಲಿಲ್ಲ.

ಎದುರು ಮನೆಯಲ್ಲಿ ಗೊಂಬೆ ಬಿಚ್ಚಿದ ಮೇಲೆ, ಸುಂಟರಗಾಳಿಯನ್ನು ಅದರಲ್ಲಿ ತೋರಿಸುವುದು ಹೇಗೆಂದು ತಿಳಿಯದೆ ಕೂತಿದ್ದೆವು. ಪಾಪಮ್ಮನವರು ಪಕ್ಕದಲ್ಲಿ ನವರಾತ್ರಿಗೆ ಹೂಬತ್ತಿ ಹೊಸೆಯುತ್ತಿದ್ದರು. ಅಂಗೈಗಳ ನಡುವೆ ಹತ್ತಿ ಮಲಗಿದಂತೆ ಉರುಳುತ್ತದೆ. ಮೇಲಿನ ಕೈ ಒಂದು ಕಡೆಗೆ, ಕೆಳಗಿನ ಕೈ ಇನ್ನೊಂದು ಕಡೆಗೆ. ಪುಸ್ತಕದಲ್ಲಿ ಇದ್ದದ್ದೂ ಅದೇ. ಮೇಲಿನ ಗಾಳಿ ಒಂದು ವೇಗ, ಕೆಳಗಿನದು ಇನ್ನೊಂದು, ನಡುವೆ ಗಾಳಿ ಮಲಗಿಕೊಂಡೇ ಉರುಳುತ್ತದೆ. ಬಿಸಿಗಾಳಿ ಕೆಳಗಿನಿಂದ ಎತ್ತಿದಾಗ ಅದು ಎದ್ದು ನಿಲ್ಲುತ್ತದೆ.

ನಾನು ಒಂದು ಹೂಬತ್ತಿ ತೆಗೆದು ತಲೆಕೆಳಗು ಹಿಡಿದೆ. ಮೇಲೆ ಅರಳಿದ ಹತ್ತಿ ಮೋಡ, ಕೆಳಗೆ ಹೊಸೆದ ತುದಿ.

"ಅಯ್ಯೋ! ಇದೇ!" ಎಂದು ಕವನಾ ಕಿರುಚಿದಳು.

"ದೇವರ ಬತ್ತೀನ ತಲೆಕೆಳಗು ಹಿಡೀತಾರೇನ್ರೀ?" ಎಂದರು ಪಾಪಮ್ಮ. ಆಮೇಲೆ ತಾವೇ ದೊಡ್ಡದೊಂದನ್ನು ಹೊಸೆದುಕೊಟ್ಟರು.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಸೀತಾಳಿಗೆ ತರ್ಪಣ ಬಿಟ್ಟೆ. ಮಾಲವಿಕಾ ಬಂದು ಅಡುಗೆ ಮಾಡಿದಳು. ಮಧ್ಯಾಹ್ನ ಅವಳು ಹೊರಟ ಮೇಲೆ ಎದುರು ಮನೆಗೆ ಹೋದೆ.

ಪಾಪಮ್ಮನವರ ಮಗ ಕಾಂತರಾಜು ಪೋರ್ಟಿಕೋದಲ್ಲಿ ಮೆಟ್ಟಿಲು ಕಟ್ಟಿದ್ದ. ಅವನದು ಹಾರ್ಡ್‌ವೇರ್ ಅಂಗಡಿ. ಸಮುದ್ರಕ್ಕೆ ನೀಲಿ ಟಾರ್ಪಾಲಿನ್ ತಂದ. ದಂಡೆಯ ಮೇಲೆ ಶೆಟ್ಟಿ ಶೆಟ್ಟಮ್ಮನ ಗೊಂಬೆಗಳು, ಅಂಗಡಿ ಇಟ್ಟುಕೊಂಡು ಕೂತವು. ಪಕ್ಕದಲ್ಲಿ ಕವನಾ ಬರೆದ ಬೋರ್ಡು: ಚೆನ್ನೈ. ಚಂಡಮಾರುತಕ್ಕೆ ಹಳೇ ಸೈಕಲ್ಲಿನ ಮುಂದಿನ ಚಕ್ರವನ್ನು ಮಲಗಿಸಿ ಸ್ಟ್ಯಾಂಡಿಗೆ ಕೂರಿಸಿದ. ಪಾಪಮ್ಮನವರೂ ನಾನೂ ಅದರ ಮೇಲೆ ಹತ್ತಿಯನ್ನು ಸುರುಳಿ ಸುರುಳಿಯಾಗಿ ಅಂಟಿಸಿದೆವು. ನಡುವೆ ಕಣ್ಣಿಗೆ ಜಾಗ ಬಿಟ್ಟೆವು. ಚಕ್ರ ತಿರುಗಿಸಿದರೆ ಬಿಳಿ ಸುರುಳಿ ಸಮುದ್ರದ ಮೇಲೆ ಗಂಭೀರವಾಗಿ ಸುತ್ತುತ್ತದೆ.

ಚೆನ್ನಾಗಿದೆ. ನಾಳೆ ನನ್ನ ನಾಲಿಗೆ ಎದ್ದರೆ ಸಾಕು.

ಸೆಪ್ಟೆಂಬರ್ 22, ಸೋಮವಾರ

ರಾತ್ರಿ ಎಂಟು. ಮೊದಲ ದಿನ. ಬೀದಿಯ ಮಕ್ಕಳೆಲ್ಲ ಬಂದಿದ್ದರು. ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ಹಿಂದಿನಿಂದ ಕಾಂತರಾಜು "ಸಾರ್, ವಾಲ್ಯೂಮ್!" ಎಂದು ಕೂಗಿದ. ಮಕ್ಕಳು ನಕ್ಕರು. ಹೂಬತ್ತಿ ತೋರಿಸಿದಾಗ ಸ್ವಲ್ಪ ಮುಂದೆ ಬಂದು ಕೂತರು. ಚಕ್ರ ತಿರುಗಿಸಿದಾಗ ಚಪ್ಪಾಳೆ ಬಿತ್ತು. ಒಟ್ಟಿನಲ್ಲಿ ಪರವಾಗಿಲ್ಲ ಅಂದುಕೊಂಡೆ.

ಕವನಾ ಡ್ಯಾನ್ಸ್ ಕ್ಲಾಸಿನಿಂದ ಆಮೇಲೆ ಬಂದಳು. ಚಕ್ರವನ್ನು ನೋಡಿದಳು. ಅವಳಪ್ಪನ ಫೋನು ಇಸಿದುಕೊಂಡು ಉಪಗ್ರಹ ತೆಗೆದ ಚಂಡಮಾರುತದ ಚಿತ್ರ ಹುಡುಕಿ, ಅದನ್ನೂ ಚಕ್ರವನ್ನೂ ಮತ್ತೆ ಮತ್ತೆ ನೋಡಿದಳು.

"ತಾತ, ಉಲ್ಟಾ ಆಗಿದೆ."

"ಏನು?"

"ಸುತ್ತು. ನಮ್ಮ ಕಡೆ ಸೈಕ್ಲೋನ್ ಎಡಕ್ಕೆ ಸುತ್ತುತ್ತೆ. ನೀವು ಬಲಕ್ಕೆ ಸುತ್ತಿಸಿದೀರ."

ಅವಳು ಹೇಳಿದ್ದು ಸರಿ. ಪುಸ್ತಕದ ಚಿತ್ರದಲ್ಲಿ ಬಾಣದ ಗುರುತುಗಳೂ ಇದ್ದವು, ನಾನೇ ನೋಡಿದ್ದೆ. ಹತ್ತಿ ಅಂಟಿಸುವಾಗ ನಮ್ಮಿಬ್ಬರ ಕೈಗಳೂ ಕೇಳದೆಯೇ ಬಲಸುತ್ತಿಗೆ ಹೋಗಿವೆ. ಪಾಪಮ್ಮನವರು ಹುಟ್ಟಿದಾಗಿನಿಂದ ದೇವರಿಗೆ ಪ್ರದಕ್ಷಿಣೆ ಬಂದವರು. ನಾನು ಬಸ್ಸಿನಲ್ಲಿ ಈ ಊರಿನ ಸರ್ಕಲ್‌ಗಳನ್ನೆಲ್ಲ ಬಲಗೈ ಪಕ್ಕಕ್ಕೆ ಇಟ್ಟುಕೊಂಡೇ ಸುತ್ತಿದವನು. ಇನ್ನೊಂದು ಸುತ್ತು ಇದೆ ಎಂದೇ ಹೊಳೆಯಲಿಲ್ಲ.

"ಕಿತ್ತು ಉಲ್ಟಾ ಅಂಟಿಸೋಣ" ಎಂದಳು ಕವನಾ.

"ಬಾಯ್ ಮುಚ್ಚೇ" ಎಂದರು ಅವಳಜ್ಜಿ. "ಎಡಸುತ್ತು ಸುತ್ತೋದು ಎಲ್ಲಿ ಅಂತ ಗೊತ್ತೇನೇ ನಿಂಗೆ? ನವರಾತ್ರೀಲಿ, ಅಮ್ಮನೋರ ಮುಂದೆ, ನನ್ನ ಮೊದಲನೇ ಗೊಂಬೇಲಿ ಅದು ಬೇಡ. ಹಿಂಗೇ ಇರ್ಲಿ."

ಎಡಸುತ್ತು ಎಲ್ಲಿ ಎಂದು ನನಗೆ ಗೊತ್ತು. ಎದ್ದು ಮನೆಗೆ ಬಂದೆ.

ಸೆಪ್ಟೆಂಬರ್ 23, ಮಂಗಳವಾರ

ಬೆಳಿಗ್ಗೆ ಕವನಾ ಬಂದು ಪಾರ್ಕಿಗೆ ಎಳೆದುಕೊಂಡು ಹೋದಳು. ಮೂಲೆ ಮನೆಯ ಜೀವನ್‌ನನ್ನೂ ಕರೆತಂದಿದ್ದಳು. ಒಂದನೇ ಕ್ಲಾಸು, ಸುಮ್ಮನೆ ಕೂರದ ಪೈಕಿ.

ಮಕ್ಕಳು ಕೂತು ಸುತ್ತುವ ಕಬ್ಬಿಣದ ಚಕ್ರ ಅಲ್ಲಿದೆ. ಒಂದು ಕಡೆ ಅವಳು, ಎದುರು ಜೀವನ್. ನಾನು ಚಕ್ರವನ್ನು ಎಡಕ್ಕೆ ಸುತ್ತಿಸಬೇಕು, ಉತ್ತರ ಧ್ರುವದ ಮೇಲಿಂದ ನೋಡಿದರೆ ಭೂಮಿ ಸುತ್ತುವ ಹಾಗೆ. ಅವಳು ನೇರವಾಗಿ ಅವನಿಗೆ ಚೆಂಡು ಎಸೆಯುತ್ತಾಳೆ.

ಚೆಂಡು ಅವನಿಗೆ ಸಿಗಲೇ ಇಲ್ಲ. ಅವಳ ಬಲಗಡೆಗೆ ಹೋಯಿತು. ಅವನು ಎಸೆದರೂ ಅಷ್ಟೇ, ಅವನ ಬಲಕ್ಕೆ.

"ಅಕ್ಕ, ನಿಂಗೆ ಗುರಿ ಇಲ್ಲ!"

"ನಿಂಗೆ ಇದ್ಯೇನೋ? ಎಸಿ ನೋಡಣ!"

ಯಾವ ಕಡೆಯಿಂದ ಎಸೆದರೂ ಚೆಂಡು ಎಸೆದವರ ಬಲಕ್ಕೇ ಜಾರಿತು. ನಾನು ಕೈ ಸೋಲುವವರೆಗೂ ಸುತ್ತಿಸಿದೆ. ಆಗ ತಲೆಗೆ ಹತ್ತಿತು. ಗಾಳಿಗಳೆಲ್ಲ ನಡುವಿನ ಖಾಲಿ ಜಾಗಕ್ಕೆ ಗುರಿಯಿಟ್ಟು ಓಡಿಬರುತ್ತವೆ. ಭೂಮಿ ಸುತ್ತುತ್ತಿರುವುದರಿಂದ ಎಲ್ಲವೂ ತಮ್ಮ ಬಲಕ್ಕೆ ಜಾರುತ್ತವೆ. ಹಾಗಾಗಿ ನಡುವಿನ ಜಾಗ ಎಲ್ಲರಿಗೂ ಎಡಗೈ ಪಕ್ಕಕ್ಕೆ ಬೀಳುತ್ತದೆ. ಅದನ್ನು ಎಡಗೈಗೆ ಇಟ್ಟುಕೊಂಡು ಸುತ್ತಿದರೆ ಎಡಸುತ್ತೇ ಆಗುವುದು. ಗಾಳಿಗೆ ಬೇರೆ ದಾರಿಯೇ ಇಲ್ಲ.

ಸಂಜೆ ಹೇಳುವಾಗ ಚಕ್ರ ಮುಟ್ಟಲಿಲ್ಲ. ಮಕ್ಕಳು ಸುತ್ತಿಸಿ ಸುತ್ತಿಸಿ ಎಂದು ಕೂಗಿದರು. ಕೆಟ್ಟಿದೆ ಎಂದೆ.

ಸೆಪ್ಟೆಂಬರ್ 24, ಬುಧವಾರ

ಮಧ್ಯಾಹ್ನ ಮೂರಕ್ಕೆ ಎದುರು ಮನೆಗೆ ಹೋದೆ. ಈಗ ಎಂಟು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಪಾಪಮ್ಮನವರು ನನ್ನ ಮುಖ ನೋಡಿ, "ಮತ್ತೆ ಗಾಳಿ ವಿಷ್ಯನಾ?" ಎಂದರು.

ಕವನಾ ಮಧ್ಯೆ ಬಂದಳು. "ಅಜ್ಜಿ, ಬಲಸುತ್ತು ಸೈಕ್ಲೋನೂ ಇದೆ. ಸಮಭಾಜಕ ವೃತ್ತದ ಆಚೆ, ಆಸ್ಟ್ರೇಲಿಯಾ ಕಡೆ."

"ನೋಡಿ, ಆ ಊರೋರು ಪುಣ್ಯವಂತರು! ಹಂಗಾದ್ರೆ ಇದು ಆಸ್ಟ್ರೇಲಿಯಾದ್ದು ಅಂತ ಹೇಳ್ಬಿಡಿ ಚಕ್ರಪಾಣಿಯೋರೆ. ಯಾರ ಗಂಟು ಹೋಯ್ತದೆ?"

ನಿಜ ಹೇಳಬೇಕೆಂದರೆ ಒಂದು ಕ್ಷಣ ನನಗೂ ಆಗಬಹುದು ಅನ್ನಿಸಿತು.

"ಚೆನ್ನೈ ಅಂತ ಬೋರ್ಡ್ ಇದೆಯಲ್ಲ ಅಜ್ಜಿ. ಶೆಟ್ಟಿ ಪಂಚೆ ಬೇರೆ ಉಟ್ಟವನೆ."

"ಬೋರ್ಡ್ ಕಿತ್ತಾಕು."

"ಪಂಚೆ?"

ಪಾಪಮ್ಮ ಅವಳನ್ನು ಒಳಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದರು. "ನಿಮ್ಮನೇಲಿ ಈಗಷ್ಟೇ ಸಾವಾಗಿದೆ. ನಿಮ್ಮ ಕೈಯಿಂದ ಎಡಸುತ್ತು ಸುತ್ತಿಸಿ, ನಾಳೆ ಇನ್ನೇನಾದ್ರೂ ಆದ್ರೆ? ನಂಗೆ ಭಯ ಆಯ್ತದೆ ಕಣ್ರೀ."

ಅವರ ಭಯ ಸುಳ್ಳಲ್ಲ. ನಾನು ಎದ್ದು ಬಂದುಬಿಡುತ್ತಿದ್ದೆ. ಆದರೆ ಮಾತು ಬಂತು.

"ಆ ಸುತ್ತು ನಾನು ಸುತ್ತಿದೀನಿ ಪಾಪಮ್ಮನೋರೆ. ಫೆಬ್ರವರೀಲಿ. ಹೆಗಲ ಮೇಲೆ ಮಡಕೆ ಇಟ್ಕೊಂಡು, ನೀರು ಸುರೀತಾ ಇತ್ತು, ಅವಳನ್ನ ಎಡಗಡೆಗೆ ಇಟ್ಕೊಂಡು ಸುತ್ತಿದೆ. ಅವಳಿಗೋಸ್ಕರ ಸುತ್ತಿದ್ದು ಅದು, ಕೆಟ್ಟದ್ದಕ್ಕಲ್ಲ. ಇದೂ ಅವಳ ಮಾತಿಗೇ. ಅವಳು ಮಕ್ಕಳಿಗೆ ಯಾವತ್ತೂ ಸುಳ್ಳು ಹೇಳಲಿಲ್ಲ. ನಾನು ಅವಳ ಹೆಸರಲ್ಲಿ ನಿಂತು ಗಾಳೀನ ಉಲ್ಟಾ ಸುತ್ತಿಸಲ್ಲ. ಬೇಡ ಅಂದ್ರೆ ಚಕ್ರ ತೆಗೆದುಬಿಡೋಣ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಕ್ರದ ಮುಂದೆ ಕೂತರು. ಹತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತರು. ನಾನು ಹತ್ತಿರ ಹೋದೆ.

"ನೀವು ಸರೀರಿ. ನೀವು ಒಂದ್ಸಲ ಸುತ್ತಿದೀರ, ಸಾಕು. ಇದನ್ನ ನಾನು ಸುತ್ತಿಸ್ತೀನಿ."

ನನ್ನನ್ನು ಮುಟ್ಟಲು ಬಿಡಲೇ ಇಲ್ಲ. ಕವನಾ ಫೋನಿನ ಚಿತ್ರ ಹಿಡಿದು ನಿಂತಳು, ಅವರೊಬ್ಬರೇ ಎಲ್ಲವನ್ನೂ ಎಡಕ್ಕೆ ತಿರುಗಿಸಿ ಅಂಟಿಸಿದರು. ಮುಗಿದ ಮೇಲೆ ಮೇಲಿನ ಮೆಟ್ಟಿಲಿನ ದೇವಿಯ ಕಡೆ ನೋಡಿ ಕೈಮುಗಿದರು. "ತಾಯೀ, ತಪ್ಪಾದ್ರೆ ನನ್ ಲೆಕ್ಕಕ್ಕೆ ಬರ್ಕೋ. ಆದ್ರೆ ಗಾಳೀನ ಹಿಂಗೆ ಸುತ್ತಿಸಿದವಳು ನೀನು, ನಾನಲ್ಲ." ಆಮೇಲೆ ಚಕ್ರದ ಅಂಚು ಹಿಡಿದು ಎಡಕ್ಕೆ ತಳ್ಳಿದರು.

ಸುತ್ತಿತು. ಏನೂ ಆಗಲಿಲ್ಲ. ಬೀದಿಯಲ್ಲಿ ಹೂವಿನವನು ಕೂಗಿಕೊಂಡು ಹೋದ.

ಸಂಜೆ ಮಕ್ಕಳಿಗೆ, ಮೊದಲ ದಿನ ನಾನು ತಪ್ಪು ತೋರಿಸಿದ್ದೆ ಎಂದು ಹೇಳಿದೆ. ಕಂಡುಹಿಡಿದವಳು ಕವನಾ, ತಿದ್ದಿದವರು ಅವಳಜ್ಜಿ ಎಂದೂ ಹೇಳಿದೆ. ಎಲ್ಲರೂ ಓ ಎಂದು ಕೂಗಿದರು. ಪಾಪಮ್ಮ "ಸಾಕು ಸಾಕು, ಉಸಲಿ ತಗೊಳ್ರೋ" ಎಂದು ಗದರಿದರು.

ಸೆಪ್ಟೆಂಬರ್ 26, ಶುಕ್ರವಾರ

ಪೋರ್ಟಿಕೋ ಸಾಲುತ್ತಿಲ್ಲ. ಪಕ್ಕದ ಬೀದಿಗಳಿಂದಲೂ ಮಕ್ಕಳು ಬರುತ್ತಿದ್ದಾರೆ. ನಾಳೆಗೆ ಕಡಲೆಕಾಳು ನಾನೇ ನೆನೆಹಾಕಿದ್ದೇನೆ, ದೊಡ್ಡ ಪಾತ್ರೆಯಲ್ಲಿ. ಗಂಟಲು ಕಟ್ಟಿದೆ. ಧೂಳಿರಬೇಕು.

ಸೆಪ್ಟೆಂಬರ್ 28, ಭಾನುವಾರ

ರಾತ್ರಿ ಎಂಟೂವರೆ. ಇವತ್ತಿನದನ್ನು ಮರೆಯುವ ಮುಂಚೆ ಬರೆಯಬೇಕು.

ಮಕ್ಕಳು ಪೋರ್ಟಿಕೋದಲ್ಲಿ ಹಿಡಿಸಲಿಲ್ಲ. ಒಳಗೆ ಜಾಗ ಸಿಗದವರು ಬೀದಿಯಲ್ಲಿ ನಿಂತು, ಕಾಣಲ್ಲ ಕಾಣಲ್ಲ ಎಂದು ಗಲಾಟೆ ಮಾಡುತ್ತಿದ್ದರು. ನನಗೆ ಏನನ್ನಿಸಿತೋ, ಹೊರಗೆ ಬಂದು, "ಚಕ್ರ ಬೇಡ, ನಾವೇ ಚಂಡಮಾರುತ ಆಗೋಣ" ಎಂದೆ.

ಕಾಂತರಾಜು ತನ್ನ ಗೂಡ್ಸ್ ಗಾಡಿಯನ್ನು ಬೀದಿಯ ತುದಿಗೆ ಅಡ್ಡ ನಿಲ್ಲಿಸಿದ. ನೀಲಿ ಟಾರ್ಪಾಲಿನ್ ಅರ್ಧ ಬೀದಿಗೆ ಹಾಸಿದೆವು, ಅದು ಸಮುದ್ರ. ಉಳಿದದ್ದು ನೆಲ. ನೆಲದ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಪಾಪಮ್ಮನವರನ್ನು ಕೂರಿಸಿದೆವು.

"ನಾನೇನಾಗ್ಬೇಕು?"

"ನೀವು ಚೆನ್ನೈ."

"ಆಗ್ಲಿ. ಯಾವನಾದ್ರೂ ನನ್ನ ಮೇಲೆ ಬಿದ್ರೆ ಮಾತ್ರ ನೆಟ್ಟಗಿರಲ್ಲ."

ನಾನು ಸಮುದ್ರದ ನಡುವೆ ನಿಂತೆ. ಮಕ್ಕಳು ನಾಲ್ಕು ದಿಕ್ಕಿನಿಂದ ನನ್ನ ಕಡೆ ಓಡಿಬರಬೇಕು, ಹತ್ತಿರ ಬಂದ ಹಾಗೆ ಬಲಕ್ಕೆ ಜಾರಬೇಕು, ನನ್ನನ್ನು ಎಡಗೈಗೆ ಇಟ್ಟುಕೊಂಡು ಸುತ್ತಬೇಕು. ಕೂಗಿ ಹೇಳಿದೆ. "ನನ್ನ ಕಡೆ ನುಗ್ಗಿ! ಬಲಕ್ಕೆ ಜಾರಿ! ನಾನು ಯಾವ ಕೈಗೆ?" ಎಲ್ಲರೂ "ಎಡಗೈಗೆ!" ಎಂದು ಕಿರುಚಿದರು. ಮೊದಲ ಸಲ ಡಿಕ್ಕಿ ಹೊಡೆದು ಬಿದ್ದರು. ಎರಡನೇ ಸಲ ಉಂಗುರ ನಿಂತಿತು. ಸುತ್ತಿತು.

ಜೀವನ್ ಚಿಕ್ಕವನು, ಅವನನ್ನು ನನ್ನ ಜೊತೆ ನಡುವೆ ನಿಲ್ಲಿಸಿಕೊಂಡಿದ್ದೆ.

"ತಾತ, ಇಲ್ಲೇನೂ ಆಗ್ತಾನೇ ಇಲ್ಲ."

"ಇದೇ ಕಣ್ಣು ಕಣೋ."

ಆಮೇಲೆ ನಾನು ನಡೆಯಲು ಶುರುಮಾಡಿದೆ. ನಿಧಾನವಾಗಿ, ದಂಡೆಯ ಕಡೆಗೆ. ನಾನು ಸರಿದ ಹಾಗೆ ಇಡೀ ಉಂಗುರ ಸುತ್ತುತ್ತಲೇ ಸರಿಯಿತು. ಚಂಡಮಾರುತ ಸಾಗುವುದು ಹಾಗೇ. ಎರಡೂ ಕಡೆಯ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಉಂಗುರದ ಮುಂಭಾಗ ಪಾಪಮ್ಮನವರನ್ನು ತಲುಪಿತು. ಮಕ್ಕಳು ಅವರ ಮುಂದಿನಿಂದ ಒಂದೇ ದಿಕ್ಕಿಗೆ ಓಡಿದರು, ಸೆರಗು ಹಾರಿತು. "ಅಯ್ಯಯ್ಯೋ, ಮೆಲ್ಲಗ್ರೋ!" ಎಂದರು. ನಾನು ನಡೆಯುತ್ತಾ ಅವರ ಕುರ್ಚಿಯ ಹತ್ತಿರ ಬಂದೆ. ಕಣ್ಣು ಚೆನ್ನೈ ಮೇಲೆ ಬಂತು.

ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಮುಗೀತಾ?"

"ಕೂತ್ಕೊಳ್ಳಿ, ಇನ್ನರ್ಧ ಇದೆ!" ಎಂದು ನಾನು ಕೂಗಿದೆ. ನನ್ನ ದನಿ ಬೀದಿಯ ಆ ತುದಿಗೂ ಕೇಳಿಸಿತಂತೆ. ಅವರು ಕೂರುವ ಮೊದಲೇ ಉಂಗುರದ ಹಿಂಭಾಗ ಬಂದಿತು, ಈ ಸಲ ಮಕ್ಕಳು ಎದುರು ದಿಕ್ಕಿಗೆ ಓಡುತ್ತಿದ್ದರು. ಇಬ್ಬರು ಅವರನ್ನು ಹಿಡಿದುಕೊಂಡು ಒಂದು ಸುತ್ತು ಸುತ್ತಿಸಿಯೇಬಿಟ್ಟರು. ಪಾಪಮ್ಮ ಬೈಯುತ್ತಾ ನಗುತ್ತಾ ಚಂಡಮಾರುತದಲ್ಲಿ ಸೇರಿಹೋದರು.

"ಈಗ ಕಾಲ ಕೆಳಗೆ ಏನಿದೆ?"

"ನೆಲ!"

"ನೆಲದಲ್ಲಿ ಬೆಚ್ಚಗಿನ ನೀರು ಇದೆಯಾ?"

"ಇಲ್ಲ!"

"ಹಾಗಾದ್ರೆ ಶಕ್ತಿ ಎಲ್ಲಿಂದ ಬರುತ್ತೆ?"

"ಬರಲ್ಲ!" ಎಂದು ಕೂಗಿ ಒಬ್ಬೊಬ್ಬರಾಗಿ ನಿಧಾನವಾದರು. ತಟ್ಟಾಡಿದರು. ಏದುಸಿರು ಬಿಡುತ್ತಾ ರಸ್ತೆಯ ಮೇಲೇ ಕೂತರು, ಕೆಲವರು ಮಲಗಿಯೇಬಿಟ್ಟರು. ಚಂಡಮಾರುತ ಸತ್ತಿತು. ಬಾಲ್ಕನಿಗಳಿಂದ ಚಪ್ಪಾಳೆ, ಶಿಳ್ಳೆ.

"ತಾತ, ಇನ್ನೊಂದ್ಸಲ!"

ಮತ್ತೆ ಮಾಡಿದೆವು. ಮತ್ತೊಂದು ಸಲವೂ ಮಾಡಿದೆವು. ಮಾಲವಿಕಾ ಕೆಂಗೇರಿಯಿಂದ ಬಂದವಳು ಯಾವಾಗಿನಿಂದ ಗೇಟಿನಲ್ಲಿ ನಿಂತಿದ್ದಳೋ ಗೊತ್ತಿಲ್ಲ. ಬ್ಯಾಗು ಕೂಡ ಕೆಳಗಿಟ್ಟಿರಲಿಲ್ಲ. "ಅಪ್ಪ, ನಿಮ್ಮ ದನಿ ಇಷ್ಟಿದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಎಂದಳು. ಬಿಸಿನೀರು ಕೊಟ್ಟಳು. ಏಕೆ ಅಳುತ್ತಿದ್ದಳೋ. ಬಸ್ಸಿನಲ್ಲಿ ರಶ್ಶಿರಬೇಕು.

ಸೀತಾ, ಹೇಳಿಯಾಯಿತು. ಎರಡೂ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಕಾಂತರಾಜು ಗೂಡ್ಸ್ ಗಾಡಿಗೆ ಬಾಳೆಕಂದು ಕಟ್ಟಿದ, ಬೂದುಗುಂಬಳ ಒಡೆದ. ಪಾಪಮ್ಮನವರು ಚಂಡಮಾರುತದ ಚಕ್ರಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟರು. ಮಂಗಳಾರತಿ ಬಲಸುತ್ತಿಗೆ ಎತ್ತಿದರು. ಚಕ್ರ ಎಡಸುತ್ತಿಗೆ ತಿರುಗುತ್ತಿತ್ತು. ಎರಡೂ ಒಟ್ಟಿಗೆ ನಡೆದವು, ಯಾರಿಗೂ ತೊಂದರೆಯಾಗಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಸಂಜೆ ಆರು. ಬೆಳಿಗ್ಗೆಯಿಂದ ಗೊಂಬೆ ಒಳಗಿಡುವ ಕೆಲಸ. ಸೀರೆ ತುಂಡುಗಳಲ್ಲಿ ಈ ಸಲ ನಾನೇ ಸುತ್ತಿದೆ. ಕೆಲವು ತುಂಡು ಸವೆದುಹೋಗಿದ್ದವು, ಪಾಪಮ್ಮನವರು ತಮ್ಮ ಸೀರೆ ಹರಿದುಕೊಟ್ಟರು. ಶೆಟ್ಟಿಗೆ ಸೀತಾಳದು, ಶೆಟ್ಟಮ್ಮನಿಗೆ ಪಾಪಮ್ಮನವರದು.

ಚಕ್ರ ಪೆಟ್ಟಿಗೆಗೆ ಹಿಡಿಸಲಿಲ್ಲ. ಅದಕ್ಕೆ ಇನ್ನೂ ಕೆಲಸವಿದೆ. ಯಾರದೋ ಬಾಲ್ಕನಿಯಿಂದ ತೆಗೆದ ವಿಡಿಯೋ ನೋಡಿ ಅನ್ನಪೂರ್ಣೇಶ್ವರಿ ನಗರದ ನಿವಾಸಿಗಳ ಸಂಘದವರು ಫೋನ್ ಮಾಡಿದ್ದರು. ಅವರ ಆಟದ ಮೈದಾನ ದೊಡ್ಡದಂತೆ. ಪಾಪಮ್ಮನವರು ಚೆನ್ನೈ ಆಗಲು ಒಪ್ಪಿದ್ದಾರೆ, ಕುರ್ಚಿ ಮಾತ್ರ ಕೈಯಿರುವುದೇ ಬೇಕಂತೆ. ಕಾಂತರಾಜುಗೆ ಅಂಗಡಿ ಬಿಡಲಾಗುವುದಿಲ್ಲ.

ನಾಳೆ ಹತ್ತಕ್ಕೆ ಹೊರಡಬೇಕು. ಗಾಡಿ ನಾನೇ ಓಡಿಸುತ್ತೇನೆ.